ವಿಶ್ಲೇಷಣೆಯ ಅಂಕಿಗಳಿಂದ ಸತುವಿನ ಅದಿರನ್ನು ಗುರುತಿಸುವ ಬಗೆ

ಪ್ರಯೋಗಾಲಯದ ವರದಿಯಲ್ಲಿ ಸತುವಿನ ಅಂಕಿ ದೊಡ್ಡದಾಗಿ ಕಂಡರೆ, ಅದು ಯಾವ ಶಿಲೆಯ ಮಾದರಿಯದು ಎಂಬುದನ್ನು ಮೊದಲು ನೋಡಬೇಕು. ಭೂಚಿಪ್ಪಿನಲ್ಲಿ ಸತುವಿನ ಸರಾಸರಿ ಪ್ರಮಾಣ ಸುಮಾರು 70 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 70 ಭಾಗ). ಸುಣ್ಣಕಲ್ಲಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. ಇಂಗಾಲ ತುಂಬಿದ ಕಪ್ಪು ಜೇಡಿಶಿಲೆಯಲ್ಲಾದರೋ ಅದಿರಿಲ್ಲದೆಯೂ ನೂರಾರು ಪಿಪಿಎಂ ಇರಬಹುದು. ಆದ್ದರಿಂದ 300 ಪಿಪಿಎಂ ಸುಣ್ಣಕಲ್ಲಿನಲ್ಲಿ ಗಮನಾರ್ಹ, ಕಪ್ಪು ಜೇಡಿಶಿಲೆಯಲ್ಲಿ ಅಷ್ಟಾಗಿ ಅಲ್ಲ.

ಮಾದರಿಗಳನ್ನು ಶಿಲೆವಾರು ವಿಂಗಡಿಸಿ, ಪ್ರತಿ ಗುಂಪಿನ ಹಿನ್ನೆಲೆ ಮಟ್ಟವನ್ನು (ಅದಿರಿಲ್ಲದಾಗ ಇರುವ ಸಹಜ ಪ್ರಮಾಣವನ್ನು) ಸರಾಸರಿಯಿಂದಲ್ಲದೆ ಮಧ್ಯಾಂಕದಿಂದ, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಮೌಲ್ಯದಿಂದ, ನಿಗದಿಪಡಿಸಿ. ಏಕೆಂದರೆ ಕೆಲವೇ ಅತ್ಯಧಿಕ ಮೌಲ್ಯಗಳು ಸರಾಸರಿಯನ್ನು ಮೇಲಕ್ಕೆಳೆದು ದುರ್ಬಲ ಸುಳಿವುಗಳನ್ನು ಮರೆಮಾಡುತ್ತವೆ. ಇದಕ್ಕೂ ಮುನ್ನ ಖಾಲಿ ಮಾದರಿ (ಸತುವಿಲ್ಲವೆಂದು ಗೊತ್ತಿರುವ ಮಾದರಿ) ಮತ್ತು ಜೋಡಿ ಮಾದರಿಗಳ (ಎರಡು ಬಾರಿ ಪರೀಕ್ಷಿಸಿದ ಒಂದೇ ಮಾದರಿಯ) ಫಲಿತಾಂಶ ಪರಿಶೀಲಿಸಿ. ಸತುವಿನ ಲೇಪವಿರುವ ಜರಡಿ ಬಳಸಿದ್ದರೆ ಆ ಅಂಕಿಗಳನ್ನು ನಂಬಲಾಗದು.

ಅನಂತರ ಒಡನಾಡಿ ಧಾತುಗಳ ಕಡೆಗೆ ಬನ್ನಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇಲ್ಲಿದೆ. ಸತುವಿನ ಮುಖ್ಯ ಅದಿರಾದ ಸ್ಫ್ಯಾಲರೈಟ್‌ನ ಹರಳಿನೊಳಗೆ ಕ್ಯಾಡ್ಮಿಯಂ ಸತುವಿನ ಜಾಗವನ್ನು ಹಿಡಿಯುವುದರಿಂದ, ಎರಡೂ ಒಟ್ಟಿಗೆ ಏರಿದ್ದರೆ ಸಲ್ಫೈಡ್ (ಲೋಹವು ಗಂಧಕದೊಂದಿಗೆ ಕೂಡಿದ) ಅದಿರಿನ ಸಾಧ್ಯತೆ ಬಲಗೊಳ್ಳುತ್ತದೆ. ಸೀಸ ಮತ್ತು ಬೆಳ್ಳಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಬದಲಾಗಿ ಸತುವು ಮ್ಯಾಂಗನೀಸ್ ಮತ್ತು ಕಬ್ಬಿಣದೊಂದಿಗೆ ಮಾತ್ರ ಏರುತ್ತಿದ್ದರೆ ಎಚ್ಚರ ವಹಿಸಬೇಕು: ನೀರಿನಲ್ಲಿ ಕರಗಿ ಹರಿದು ಬಂದ ಸತುವನ್ನು ಈ ಲೋಹಗಳ ಆಕ್ಸೈಡ್‌ಗಳು ಹಿಡಿದಿಟ್ಟುಕೊಳ್ಳುತ್ತವೆ, ಹಾಗಾಗಿ ಮೂಲ ನಿಕ್ಷೇಪ ದೂರದಲ್ಲಿರಬಹುದು, ಇಲ್ಲದೆಯೂ ಇರಬಹುದು. ಸತು ಮತ್ತು ಮ್ಯಾಂಗನೀಸ್‌ಗಳ ಅನುಪಾತವನ್ನು ನಕ್ಷೆಯ ಮೇಲೆ ಗುರುತಿಸಿದರೆ ಇಂತಹ ಸುಳ್ಳು ಸುಳಿವುಗಳು ಬಹುಮಟ್ಟಿಗೆ ಬಯಲಾಗುತ್ತವೆ. ಸತುವಿಗೆ ಹೋಲಿಸಿದರೆ ಸೀಸ ಮಣ್ಣಿನಲ್ಲಿ ಹೆಚ್ಚು ಸರಿದಾಡುವುದಿಲ್ಲ. ಆದಕಾರಣ ಸತುವಿನ ಹರಡಿಕೊಂಡ ವಲಯದೊಳಗೆ ಸೀಸದ ಕಿರಿದಾದ ಶಿಖರ ಕಂಡ ಸ್ಥಳವನ್ನೇ ಮೊದಲು ಅಗೆದು ನೋಡುವುದು ಜಾಣತನ.

ಕೊನೆಯದಾಗಿ, ಆ ಸತುವು ಯಾವ ಖನಿಜದಲ್ಲಿದೆ ಎಂಬುದನ್ನು ಕ್ಷ-ಕಿರಣ ವಿವರ್ತನೆಯಿಂದಲೋ ಸೂಕ್ಷ್ಮದರ್ಶಕದಿಂದಲೋ ಖಚಿತಪಡಿಸಿಕೊಳ್ಳಿ. ಶುದ್ಧ ಸ್ಫ್ಯಾಲರೈಟ್‌ನಲ್ಲಿ ತೂಕದ 67 ಪ್ರತಿಶತ ಸತುವಿರುತ್ತದೆ. ಹವೆಗೊಡ್ಡಿದ ಮೇಲ್ಪದರದಲ್ಲಿ ಅದರ ಬದಲಿಗೆ 52 ಪ್ರತಿಶತ ಸತುವಿರುವ ಕಾರ್ಬೊನೇಟ್ ಖನಿಜವಾದ ಸ್ಮಿತ್ಸೊನೈಟ್ ಸಿಗಬಹುದು. ರೂಪಾಂತರ ಶಿಲೆಗಳಲ್ಲಿ ದೊರೆಯುವ ಗಾನೈಟ್ (ಸತು ಮತ್ತು ಅಲ್ಯೂಮಿನಿಯಂಗಳ ಆಕ್ಸೈಡ್ ಖನಿಜ) ಆಮ್ಲಗಳಲ್ಲಿ ಸುಲಭವಾಗಿ ಕರಗದು ಮತ್ತು ಅದರಿಂದ ಸತುವನ್ನು ತೆಗೆಯುವುದು ಲಾಭದಾಯಕವಲ್ಲ. ಆದರೂ ಅದನ್ನು ಕಡೆಗಣಿಸಬೇಡಿ, ಏಕೆಂದರೆ ಸಲ್ಫೈಡ್ ನಿಕ್ಷೇಪ ಸಮೀಪದಲ್ಲಿರುವುದಕ್ಕೆ ಅದು ಸೂಚಕವಾಗಿರಬಹುದು.