ಭೀಮನಕೊಳ್ಳದ ಇಳಕಲು, ಎರಡು ಸಲ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರೆಲ್ಲ ಊರಿಗೆ ಬಂದು ಹೇಳುವುದು ಕೈಲಾಸ ಬಾಗಿಲಿನ ಏರಿನ ಸುದ್ದಿಯನ್ನೇ. ಆ ಏರಿಗೆ ಮುಂಚೆ ಬರುವ ಭೀಮನಕೊಳ್ಳದ ಇಳಕಲಿನ ಬಗ್ಗೆ ನನಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ. ಮೊದಲ ಸಲ ಹೋದಾಗ ನಾನು ಬಿದ್ದದ್ದು ಅಲ್ಲೇ.

ನಾನು ಗದಗಿನ ಎಪಿಎಂಸಿಯೊಳಗೆ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವ. ವರ್ಷವಿಡೀ ಗಾದಿ ಮೇಲೆ ಕೂತ ಕಾಲು. ಆದರೂ ಕೊಪ್ಪಳ, ಗಂಗಾವತಿ, ಸಿಂಧನೂರು ದಾಟಿ ಕರ್ನೂಲು, ಆತ್ಮಕೂರು ಮುಟ್ಟುವ ಹೊತ್ತಿಗೆ ಕಾಲು ಹದಕ್ಕೆ ಬಂದಿತ್ತು, ಗುಳ್ಳೆ ಎದ್ದು ಒಡೆದು ಗಟ್ಟಿಯಾಗಿತ್ತು. ಇನ್ನೇನು ಮಲ್ಲಯ್ಯ ಸಿಕ್ಕ ಅಂತ ಸ್ವಲ್ಪ ಸೊಕ್ಕೂ ಬಂದಿತ್ತು ಅನ್ನಿ. ಅಲ್ಲಿಯವರೆಗೆ ನಡೆದದ್ದೆಲ್ಲ ಡಾಂಬರು. ವೆಂಕಟಾಪುರ ದಾಟಿದರೆ ನಲ್ಲಮಲ ಕಾಡು. ನಾಗಲೂಟಿಯ ವೀರಭದ್ರನಿಗೆ ಕೈ ಮುಗಿದು, ಪೆಚ್ಚೆರುವಿನಲ್ಲಿ ಮಲಗಿ, ಮರುದಿನ ನಸುಕಿನಲ್ಲಿ ಕೊಳ್ಳದ ಅಂಚಿಗೆ ಬಂದು ನಿಂತೆ.

ಬಿಸಿಲುಗಾಲದಲ್ಲಿ ಜಾರುವುದೇನು ಅಂತ ಕೇಳಬಹುದು. ಒಣ ನೆಲ ಹಸಿ ನೆಲಕ್ಕಿಂತ ಕೆಟ್ಟದ್ದು. ಸಾವಿರಾರು ಜನ ತುಳಿದು ಮಣ್ಣು ಹಿಟ್ಟಿನಂತಾಗಿರುತ್ತದೆ, ಅದರೊಳಗೆ ಗರಸು ಗೋಲಿಗುಂಡಿನಂತೆ ಉರುಳುತ್ತದೆ, ಮೇಲೆ ಬಿದಿರೆಲೆ ಹಾಸಿರುತ್ತದೆ. ತುಳಿದು ನಯವಾದ ಕಲ್ಲಿನ ಮೇಲೆ ಯಾರೋ ಬಾಟಲಿ ನೀರು ಚೆಲ್ಲಿದ್ದರಂತೂ ಮುಗಿಯಿತು. ಬೀಳುತ್ತೇನೆಂಬ ಹೆದರಿಕೆಗೆ ನಾನು ಮೈಯನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಿ ಇಳಿಯುತ್ತಿದ್ದೆ. ಹಿಮ್ಮಡಿ ಗರಸಿನ ಮೇಲೆ ಹೋಯಿತು, ಕುಂಡಿ ಕಲ್ಲಿನ ಮೇಲೆ. ಊರಿದ ಬಲಗೈ ಮಣಿಕಟ್ಟು ಬಾತು ಬದನೇಕಾಯಿ ಆಯಿತು. ಮುಂದೆ ಎರಡು ತಿಂಗಳು ಖಾತೆ ಪುಸ್ತಕ ಎಡಗೈಯಲ್ಲಿ ಬರೆದೆ. ಆ ಅಕ್ಷರ ಇವತ್ತಿಗೂ ಸಾಹುಕಾರರಿಗೆ ನಗೆಯ ವಸ್ತು.

ಅಲ್ಲಿ ನನ್ನನ್ನು ಎಬ್ಬಿಸಿದವರು ಮುಂಡರಗಿ ಕಡೆಯ ಒಬ್ಬ ಅಜ್ಜ, ಕುರಿ ಕಾಯುವವರು. ಹೆಗಲಿಗೆ ಕಂಬಳಿ, ಬರಿಗಾಲು. ಮೈ ಜಾಡಿಸುತ್ತಾ ಹೇಳಿದರು: “ತಮ್ಮಾ, ಕುರಿ ಗುಡ್ಡಾ ಇಳಿಯೂದು ನೋಡಿಯೇನು? ನೆಟ್ಟಗ ಇಳಿಯಂಗಿಲ್ಲ ಅವು, ಅಡ್ಡಡ್ಡ ಇಳೀತಾವ. ನೀ ನೋಡಿದ್ರ ನೀರ ಹರದಂಗ ಹೊಂಟಿ. ಹಿಂದ ವಾಲಬ್ಯಾಡ. ಮೂಗು ಕಾಲ್ಬೆರಳಿನ ಮ್ಯಾಲ ಇರ್ಲಿ.”

ಆ ಮಾತನ್ನು ಮನೆಗೆ ತಂದೆ. ಮುಂದಿನ ಯುಗಾದಿಗೆ ಎರಡು ತಿಂಗಳು ಇರುವಾಗಲೇ ಭಾನುವಾರಕ್ಕೊಮ್ಮೆ ಕಪ್ಪತಗುಡ್ಡಕ್ಕೆ ಹೋಗತೊಡಗಿದೆ. 2019ರಲ್ಲಿ ಅದು ವನ್ಯಜೀವಿ ಧಾಮವಾಗಿದೆ, ಹಾಗಾಗಿ ಕಂಡಲ್ಲಿ ನುಗ್ಗಲಿಲ್ಲ, ಕಪ್ಪತ ಮಲ್ಲಯ್ಯನ ಗುಡಿಗೆ ಜನ ಓಡಾಡುವ ದಾರಿಯಲ್ಲೇ ಹತ್ತಿ ಇಳಿದೆ. ಅಲ್ಲಿನ ಕೆಂಪು ಗರಸು ಇದಕ್ಕೆ ಹೇಳಿ ಮಾಡಿಸಿದ ಶಾಲೆ. ಹತ್ತುವುದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಇಳಿಯುವುದಷ್ಟೇ ಅಭ್ಯಾಸ. ಮೊದಲ ಭಾನುವಾರದ ಮರುದಿನ ತೊಡೆಯ ಮುಂಭಾಗ ಹಿಡಿದುಕೊಂಡು ಗಾದಿಯಿಂದ ಏಳಲಾಗಲಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಹಿಗ್ಗಬೇಕು. ಹತ್ತುವಾಗಿನ ದಣಿವು ಅಲ್ಲಿಗೇ ಮುಗಿಯುತ್ತದೆ, ಇಳಿದದ್ದು ಮರುದಿನ ನೋವಾಗಿ ಬರುತ್ತದೆ. ನಾಲ್ಕನೇ ಭಾನುವಾರಕ್ಕೆ ಆ ನೋವು ಅರ್ಧಕ್ಕೆ ಇಳಿದಿತ್ತು.

ಎರಡನೇ ಸಲ ಕೊಳ್ಳದ ಅಂಚಿನಲ್ಲಿ ಕಾಲು ಗಂಟೆ ಕೂತೆ. ಜೊತೆಯವರು “ನಡೀರಿ ಕಾಕಾ, ಬಿಸಲಾಗ್ತದ” ಅಂತ ಗಡಿಬಿಡಿ ಮಾಡಿದರೂ ಏಳಲಿಲ್ಲ. ಶೂ ಬಿಚ್ಚಿ ಒಳಗಿನ ಹರಳು ಜಾಡಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿದೆ. ಸಡಿಲ ಬಿಟ್ಟರೆ ಪಾದ ಮುಂದೆ ಜರುಗಿ ಹೆಬ್ಬೆರಳು ಶೂವಿನ ತುದಿಗೆ ಬಡಿಯುತ್ತದೆ, ಉಗುರು ಕಪ್ಪಾಗುವುದು ಹಾಗೆಯೇ. ಉಗುರನ್ನು ಆತ್ಮಕೂರಿನಲ್ಲೇ ಕತ್ತರಿಸಿಕೊಂಡಿದ್ದೆ. ಹೆಗಲ ಚೀಲದ ನೀರಿನ ಬಾಟಲಿಯನ್ನು ನಡುವಿಗೆ ತಂದು ಕಟ್ಟಿದೆ, ಭಾರ ಕೆಳಗಿದ್ದಷ್ಟೂ ಮೈ ತೂಗಾಡುವುದಿಲ್ಲ.

ಬಿದಿರಿನ ಬಡಿಗೆ ಎದೆಮಟ್ಟದ್ದು. ಸಪಾಟು ನೆಲಕ್ಕೆ ಅದು ಉದ್ದವಾಯಿತೆಂದು ದಾರಿಯುದ್ದಕ್ಕೂ ಬೈಸಿಕೊಂಡಿದ್ದೆ. ಇಳಕಲಿಗೆ ಅಷ್ಟು ಬೇಕೇ ಬೇಕು. ಮೊದಲು ಬಡಿಗೆ ಒಂದು ಹೆಜ್ಜೆ ಕೆಳಗೆ ಊರಬೇಕು, ಅದು ಅಲುಗಲಿಲ್ಲವೆಂದು ಕೈಗೆ ಗೊತ್ತಾದ ಮೇಲೆ ಕಾಲು. ಪಾದ ಅಡ್ಡ, ಮೊಣಕಾಲು ಸ್ವಲ್ಪ ಬಾಗಿ, ಹೆಜ್ಜೆ ಗೇಣುದ್ದ. ನಾಲ್ಕು ಹೆಜ್ಜೆ ಎಡಮೈ ಕೆಳಗೆ ಮಾಡಿ ಇಳಿದರೆ ಮುಂದಿನ ನಾಲ್ಕು ಬಲಮೈ ಕೆಳಗೆ ಮಾಡಿ.

ನಡುವೆ ಒಂದು ಕಡೆ ಎಡಗಾಲ ಕೆಳಗಿನ ಚಪ್ಪಡಿ ಅಲುಗಿತು. ಹೋದ ಸಲದ ಮಣಿಕಟ್ಟು ನೆನಪಾಗಿ ಮೈ ತಾನೇ ಹಿಂದಕ್ಕೆ ಎಳೆಯಿತು. ಹಲ್ಲು ಕಚ್ಚಿ ಮುಂದಕ್ಕೆ ಬಾಗಿದೆ. ಕಲ್ಲು ಒಂದು ಬೆರಳಷ್ಟು ಸರಿದು, ಕರ್ರೆಂದು ಸದ್ದು ಮಾಡಿ ನಿಂತಿತು. ಪಾದವೂ ಅದರ ಜೊತೆಗೇ ಸರಿದು ನಿಂತಿತು. ಬಡಿಗೆಯ ತುದಿಯಲ್ಲಿ ಒಂದು ಹರಳು ಹಾರಿ ಕೆಳಗೆ ಎಲ್ಲೋ ಟಕಟಕ ಅನ್ನುತ್ತಾ ಹೋಯಿತು.

ಇನ್ನು ಜನ. ಮಲ್ಲಯ್ಯನ ಹೆಸರಿನ ಕಂಬಿಯನ್ನು ಹೆಗಲ ಮೇಲೆ ಹೊತ್ತವರು ಬಂದರೆ ದಾರಿ ಬಿಡಲೇಬೇಕು. ಆಗ ಕೊಳ್ಳದ ಕಡೆ ಸರಿಯದೆ ಗುಡ್ಡದ ಮೈಗೆ ಬೆನ್ನು ಹಚ್ಚಿ ನಿಲ್ಲುವುದು ವಾಸಿ. ಮರಗಾಲು ಕಟ್ಟಿಕೊಂಡು ಬರುವವರ ಬಗ್ಗೆ ನಾನೇನು ಹೇಳಲಿ, ಅವರ ದಾರಿಯೇ ಬೇರೆ! ಬಿಸಿಲಿಗೆ ಹೆದರಿ ಕತ್ತಲಲ್ಲೇ ಇಳಿಯುವವರಿಗೆ ಒಂದು ಮಾತು: ಟಾರ್ಚ್ ಹಣೆಗೆ ಕಟ್ಟಿದರೆ ನೆಲವೆಲ್ಲ ಒಂದೇ ಸಮ ಕಾಣುತ್ತದೆ. ನಡುವಿನ ಹತ್ತಿರ ಹಿಡಿದರೆ ಒಂದೊಂದು ಹರಳಿಗೂ ನೆರಳು ಬೀಳುತ್ತದೆ, ತಗ್ಗು ದಿಣ್ಣೆ ಗೊತ್ತಾಗುತ್ತದೆ.

ಕೊಳ್ಳ ಮುಟ್ಟಿದಾಗ ಕೂತು ಶೂ ಬಿಚ್ಚಿ ನೋಡಿದೆ. ಹತ್ತೂ ಉಗುರು ಬೆಳ್ಳಗಿದ್ದವು. ಉಳಿದ ಎರಡು ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು ಕೈಲಾಸ ಬಾಗಿಲು ಹತ್ತಿದೆವು. ಏದುಸಿರು ಬಿಟ್ಟದ್ದು ಬಿಟ್ಟರೆ ಅದರಲ್ಲಿ ಹೇಳುವಂಥದ್ದೇನಿಲ್ಲ.

ಮರುದಿನ ಮಲ್ಲಿಕಾರ್ಜುನನ ದರ್ಶನವಾದ ಮೇಲೆ ಎಲ್ಲರೂ ಪಾತಾಳಗಂಗೆಗೆ ಹೊರಟರು. ಮೆಟ್ಟಿಲ ತಲೆಯಲ್ಲಿ ನಿಂತು ಕೆಳಗೆ ನೋಡಿದೆ. ತೊಡೆ ಎರಡೂ ನಡುಗಿದವು. ಬಡಿಗೆಯನ್ನು ಜೊತೆಯ ಹುಡುಗನ ಕೈಗೆ ಕೊಟ್ಟು, ರೋಪ್‌ವೇ ಟಿಕೆಟ್ಟಿನ ಸಾಲಿನಲ್ಲಿ ಹೋಗಿ ನಿಂತೆ.