ಬುಧವಾರದ ಉಪಾಹಾರ ಸಭೆ ಮತ್ತು ಸದಸ್ಯರ ಸುದ್ದಿ: ನನ್ನ ಅನುಭವ

ಬಾಗಲಕೋಟೆಯಲ್ಲಿ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಈಗ ತಾನಾಗಿ ತಲುಪುವುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಹಳೆಯ ಊರಿನ ಓಣಿಗಳು ತೆರವಾದ ಮೇಲೆ, ಗೋಡೆಗೆ ಗೋಡೆ ಹಚ್ಚಿ ಬದುಕಿದ್ದ ಮನೆತನಗಳು ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದವು. ಕೆಲವರು ವಿದ್ಯಾಗಿರಿಯಲ್ಲಿ ಮನೆ ಕಟ್ಟಿಕೊಂಡರು, ಕೆಲವರು ವ್ಯಾಪಾರ ಬಿಡಲಾಗದೆ ಹಳೆಯ ಪೇಟೆಯಲ್ಲೇ ಉಳಿದರು. ಹಿಂದೆ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ಕಟ್ಟೆಯ ಮೇಲೆ ಕುಳಿತವರಿಗೆ ಗೊತ್ತಾಗುತ್ತಿತ್ತು. ಈಗ ಸೆಕ್ಟರಿನ ಸಂಖ್ಯೆ ಗೊತ್ತಿದ್ದರೂ ಮನೆಯ ಒಳಗಿನ ಸಂಗತಿ ಗೊತ್ತಿರುವುದಿಲ್ಲ. ನಮ್ಮ ಸೇವಾ ಕ್ಲಬ್ಬಿನ ಕಾರ್ಯದರ್ಶಿಯಾಗಿ ವಾರದ ಉಪಾಹಾರ ಸಭೆಯ ಹೊಣೆ ಹೊತ್ತಾಗ, ಆ ಸಭೆಯಲ್ಲಿ ಸದಸ್ಯರ ಸುದ್ದಿಗೆಂದು ಇಟ್ಟಿದ್ದ ಹತ್ತು ನಿಮಿಷಗಳನ್ನೇ ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಂಡದ್ದು ಈ ಕಾರಣಕ್ಕೆ.

ಇಂಥ ಕ್ಲಬ್ಬುಗಳು ಹುಟ್ಟಿದ್ದೂ ಇದೇ ಕೊರತೆಯಿಂದ. 1905ರ ಫೆಬ್ರುವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ನಡೆಸಿದ ಸಭೆಯಿಂದ ರೋಟರಿ ಆರಂಭವಾಯಿತು. ವರ್ಮಾಂಟಿನ ಸಣ್ಣ ಊರೊಂದರಲ್ಲಿ ಬೆಳೆದ ಅವರಿಗೆ, ಆ ದೊಡ್ಡ ನಗರದಲ್ಲಿ ಊರಿನವರ ಹಾಗೆ ಒಬ್ಬರನ್ನೊಬ್ಬರು ಬಲ್ಲ ಒಂದು ಗುಂಪು ಬೇಕಾಗಿತ್ತು. ಸಭೆ ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂದಿತು. ಸಮಾಜಸೇವೆಯ ದೊಡ್ಡ ಕೆಲಸಗಳು ಆಮೇಲೆ ಸೇರಿಕೊಂಡವು. ನಮ್ಮದೂ ಅದೇ ಪರಂಪರೆಯ ಕ್ಲಬ್ಬಾದ್ದರಿಂದ, ಸದಸ್ಯರ ಸುದ್ದಿ ಎಂದರೆ ಸೇವಾಕಾರ್ಯದ ನಡುವೆ ತುರುಕಿದ ಹರಟೆ ಎಂದು ಹೇಳುವವರಿಗೆ ಈ ಇತಿಹಾಸವನ್ನು ನೆನಪಿಸುವುದು ನನ್ನ ರೂಢಿಯಾಗಿತ್ತು.

ಸಭೆಯ ದಿನ ಮತ್ತು ವೇಳೆಯನ್ನು ಗೊತ್ತುಮಾಡುವುದೇ ಮೊದಲ ಕೆಲಸ. ಸೋಮವಾರ ಬೇಡವೆಂದು ತೀರ್ಮಾನಿಸಿದೆವು, ಏಕೆಂದರೆ ಶ್ರಾವಣದಲ್ಲಿ ಅನೇಕರಿಗೆ ಅಂದು ಉಪವಾಸ. ಶನಿವಾರ ಬೆಳಿಗ್ಗೆ ಕೆಲವರು ತುಳಸಿಗೇರಿ ಹಣಮಪ್ಪನ ದರ್ಶನಕ್ಕೆ ಹೋಗುತ್ತಾರೆ. ಭಾನುವಾರ ಮದುವೆ ಮತ್ತು ಪ್ರಯಾಣದ ದಿನ. ಹೀಗೆ ಕಳೆಯುತ್ತ ಬಂದಾಗ ಬುಧವಾರ ಉಳಿಯಿತು. ಬೆಳಗಿನ ಏಳೂಕಾಲಕ್ಕೆ ಸೇರಿ ಎಂಟೂವರೆಗೆ ಮುಗಿಸಿದರೆ ವೈದ್ಯರು ಹೊರರೋಗಿ ವಿಭಾಗಕ್ಕೂ, ಉಪನ್ಯಾಸಕರು ಕಾಲೇಜಿಗೂ, ವ್ಯಾಪಾರಿಗಳು ಅಂಗಡಿಯ ಬಾಗಿಲು ತೆಗೆಯಲಿಕ್ಕೂ ಹೊತ್ತಿಗೆ ಸರಿಯಾಗಿ ಹೋಗಬಹುದು. ಸಂಜೆಯ ಸಭೆಗೆ ಪೇಟೆಯವರು ಎಂದೂ ಬರಲಾರರು, ಅದು ಗಿರಾಕಿಗಳ ಹೊತ್ತು. ರಂಜಾನ್ ತಿಂಗಳಲ್ಲಿ ಮಾತ್ರ ನಾವು ಒಂದು ಸಭೆಯನ್ನು ಸಂಜೆಗೆ ಸರಿಸಿ ಇಫ್ತಾರಿನೊಂದಿಗೆ ನಡೆಸಿದೆವು. ಬೆಳಗಿನ ಸಭೆಯಲ್ಲಿ ಉಪವಾಸವಿದ್ದ ಸದಸ್ಯರ ಮುಂದೆ ತಟ್ಟೆ ಹಿಡಿದು ಕುಳಿತುಕೊಳ್ಳುವುದು ಯಾರಿಗೂ ಸರಿಕಾಣಲಿಲ್ಲ. ಹೋಳಿಯ ವಾರದಲ್ಲಿ ಸಭೆಯನ್ನೇ ಇಡಲಿಲ್ಲ. ಎತ್ತಿನ ಗಾಡಿಗಳ ಮೇಲೆ ಬಣ್ಣದ ಬ್ಯಾರಲ್ಲುಗಳು ಬೀದಿಗಿಳಿಯುವ ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ಅದಕ್ಕೆ ವಿವರಣೆ ಬೇಕಿಲ್ಲ.

ಉಪಾಹಾರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಖಾನಾವಳಿಯವರಿಗೆ ಮಂಗಳವಾರ ರಾತ್ರಿ ಎಂಟು ಗಂಟೆಯ ಒಳಗೆ ತಟ್ಟೆಗಳ ಸಂಖ್ಯೆ ಹೇಳಬೇಕು, ಹೇಳಿದಷ್ಟಕ್ಕೆ ಹಣ ಕೊಡಬೇಕು. ತಿಂಡಿಯ ಖರ್ಚನ್ನು ಆಯಾ ದಿನವೇ ತಟ್ಟೆಯ ಪಕ್ಕದಲ್ಲಿ ನಿಂತು ವಸೂಲು ಮಾಡುವುದಕ್ಕಿಂತ ಮೂರು ತಿಂಗಳ ಚಂದಾದಲ್ಲಿ ಸೇರಿಸುವುದು ಲೇಸು, ಏಕೆಂದರೆ ಚಿಲ್ಲರೆಯ ಲೆಕ್ಕದಲ್ಲಿ ಕಾರ್ಯದರ್ಶಿಯ ಕಿವಿ ಮಾತಿನ ಕಡೆಗೆ ಇರುವುದಿಲ್ಲ. ಉಪ್ಪಿಟ್ಟು–ಶಿರಾ ಒಂದು ವಾರ, ಇಡ್ಲಿ–ವಡೆ ಒಂದು ವಾರ, ಪಡ್ಡು ಒಂದು ವಾರ. ಸುಸಲಾ ಮತ್ತು ಮಿರ್ಚಿಭಜಿ ಇಟ್ಟ ವಾರ ಹಾಜರಿ ಏರುತ್ತದೆ ಎಂಬುದನ್ನು ನಮ್ಮ ಅಧ್ಯಕ್ಷರು ಬಹಿರಂಗವಾಗಿ ಒಪ್ಪಿಕೊಳ್ಳುತ್ತಿರಲಿಲ್ಲ. ಗಂಟೆ ಬಾರಿಸುವ ಮೊದಲೇ ಎಲ್ಲರೂ ತಿಂದು ಮುಗಿಸುವಂತೆ ನಾನು ನೋಡಿಕೊಂಡೆ. ಒಬ್ಬರು ತಂದೆಯ ಕಾಯಿಲೆಯನ್ನು ಹೇಳುತ್ತಿರುವಾಗ ಇನ್ನೊಬ್ಬರು ಚಟ್ನಿ ಕೇಳುವುದು ಆಗಬಾರದು.

ಸುದ್ದಿಯನ್ನು ಕೂಡಿಸುವುದು ಕಷ್ಟದ ಭಾಗ. ಸಭೆಯಲ್ಲಿ ಎದ್ದುನಿಂತು "ಯಾರಿಗಾದರೂ ಸುದ್ದಿ ಹೇಳುವುದಿದೆಯೇ" ಎಂದು ಕೇಳಿದರೆ, ಪ್ರತಿ ವಾರವೂ ಮಾತನಾಡುವ ಅದೇ ನಾಲ್ವರು ಮಾತನಾಡುತ್ತಾರೆ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೇಳಿದರೂ "ವಿಶೇಷ ಏನೂ ಇಲ್ರೀ ಸರ" ಎಂಬ ಉತ್ತರ ಬರುತ್ತದೆ, ಅದು ಸಂಕೋಚದ ಉತ್ತರವೇ ಹೊರತು ನಿಜವಾದ ಉತ್ತರವಲ್ಲ. ಆದ್ದರಿಂದ ನಾನು ಒಂದು ನೋಟುಬುಕ್ಕಿನಲ್ಲಿ ಸದಸ್ಯರೊಬ್ಬರಿಗೆ ಒಂದು ಪುಟದಂತೆ ಇಟ್ಟು, ಅವರು ಹೇಳಿದ ಸಂಗತಿಯನ್ನಷ್ಟೇ ಅಲ್ಲ, ಅದರ ಮುಂದಿನ ಹಂತ ಯಾವಾಗ ಬರುತ್ತದೆ ಎಂಬುದನ್ನೂ ಬರೆದುಕೊಳ್ಳಲು ಆರಂಭಿಸಿದೆ. ಮಗಳ ಪರೀಕ್ಷೆ ಯಾವ ತಿಂಗಳು, ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದು, ತೋಟದ ಬೋರ್‌ವೆಲ್ಲಿಗೆ ನೀರು ಬಿತ್ತೇ, ಮನೆಯ ಗೃಹಪ್ರವೇಶ ಯಾವಾಗ. ಮಂಗಳವಾರ ಸಂಜೆ ತಟ್ಟೆಗಳ ಲೆಕ್ಕಕ್ಕಾಗಿ ಫೋನು ಮಾಡುವುದು ಹೇಗೂ ಇದ್ದೇ ಇತ್ತು, ಆ ಕರೆಯಲ್ಲಿಯೇ "ಅವ್ವಾರ ಮೊಣಕಾಲು ಈಗ ಹ್ಯಾಂಗ ಅದಾವ್ರಿ?" ಎಂದು ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಎಂದೂ ಬಾರದ ಉತ್ತರ ಈ ಕರೆಗೆ ಬರುತ್ತಿತ್ತು, ಏಕೆಂದರೆ ನಾಲ್ಕು ಮಂದಿಯ ಮುಂದೆ ಬರೆಯಲು ಹಿಂಜರಿಯುವವರು ಒಬ್ಬರ ಕಿವಿಗೆ ಹೇಳಲು ಹಿಂಜರಿಯುವುದಿಲ್ಲ.

ಸಂತೋಷದ ಸುದ್ದಿಗೆ ಬೇರೆ ಉಪಾಯವಿದೆ. ಮೇಜಿನ ಮೇಲೆ ಒಂದು ಡಬ್ಬಿ ಇರುತ್ತದೆ. ಮೊಮ್ಮಗ ಹುಟ್ಟಿದವರು, ಮಗನಿಗೆ ನೌಕರಿ ಸಿಕ್ಕವರು, ಮದುವೆಯ ವಾರ್ಷಿಕೋತ್ಸವ ಇರುವವರು ಎದ್ದು ಬಂದು ಒಂದು ನೋಟು ಹಾಕಿ ಕಾರಣ ಹೇಳುತ್ತಾರೆ. ಈ ಪದ್ಧತಿ ಜಗತ್ತಿನ ಅನೇಕ ಕ್ಲಬ್ಬುಗಳಲ್ಲಿ ಇದೆ, ನಾವು ಕಂಡುಹಿಡಿದದ್ದಲ್ಲ. ನಾನು ಸೇರಿಸಿದ್ದು ಎರಡು ಕಟ್ಟಳೆಗಳನ್ನು ಮಾತ್ರ: ಡಬ್ಬಿಯ ಬಳಿ ಒಂದು ನಿಮಿಷಕ್ಕಿಂತ ಹೆಚ್ಚು ಮಾತಿಲ್ಲ, ಮತ್ತು ಯಾರು ಎಷ್ಟು ಹಾಕಿದರು ಎಂಬುದನ್ನು ಓದುವುದಿಲ್ಲ. ಮೊತ್ತ ಓದಿದರೆ ಸಣ್ಣ ಅಂಗಡಿಯವರು ತಮ್ಮ ಸಂತೋಷವನ್ನು ಹೇಳುವುದನ್ನೇ ಬಿಡುತ್ತಾರೆ.

ಕಾಯಿಲೆಯ ಸುದ್ದಿಯಲ್ಲಿ ಹೆಚ್ಚು ಜಾಗ್ರತೆ ಬೇಕು. ಮನೆಯವರ ಒಪ್ಪಿಗೆ ಇಲ್ಲದೆ ಯಾರ ರೋಗವನ್ನೂ ಸಭೆಯಲ್ಲಿ ಹೇಳಬಾರದು, ರೋಗದ ಹೆಸರನ್ನು ಒಪ್ಪಿಗೆ ಇದ್ದರೂ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಸದಸ್ಯರೊಬ್ಬರು ಆಸ್ಪತ್ರೆ ಸೇರಿದ್ದಾರೆಂದು ನನಗೆ ಬೇರೆಯವರಿಂದ ತಿಳಿದಾಗ ಅವರ ಪತ್ನಿಗೆ ಫೋನು ಮಾಡಿ, "ಅಕ್ಕಾರ, ನಾಳಿ ಸಭಾದಾಗ ಹೇಳಬಹುದೇನ್ರಿ?" ಎಂದು ಕೇಳಿದೆ. "ಮನಿಯವರಿಗೆ ಕೇಳಿ ಹೇಳ್ತೀನ್ರಿ" ಎಂದವರು, ಸ್ವಲ್ಪ ಹೊತ್ತಿನ ಮೇಲೆ ತಾವೇ ಕರೆ ಮಾಡಿ, ಹೇಳಿರಿ, ಆದರೆ ಈ ವಾರ ಯಾರೂ ನೋಡಲು ಬರುವುದು ಬೇಡ ಎಂದರು. ಹಾಗೆಯೇ ಹೇಳಿದೆವು. ಭೇಟಿ ಬೇಕೇ, ಬೇಡವೇ, ಊಟದ ಡಬ್ಬಿ ಬೇಕೇ, ರಾತ್ರಿ ಕಾವಲಿಗೆ ಒಬ್ಬರು ಬೇಕೇ ಎಂಬುದನ್ನು ಸುದ್ದಿಯೊಂದಿಗೆ ಹೇಳಿದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬರೀ "ಶೀಘ್ರ ಗುಣಮುಖರಾಗಲಿ" ಎಂದರೆ ಮೂವತ್ತು ಜನ ಒಂದೇ ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಾರ್ಡಿನವರಿಂದ ಬೈಸಿಕೊಳ್ಳುತ್ತಾರೆ.

ಇದೇ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ರಕ್ತದ ಗುಂಪು ಮತ್ತು ಕೊನೆಯ ಬಾರಿ ರಕ್ತ ಕೊಟ್ಟ ತಾರೀಖನ್ನು ಬರೆದಿಟ್ಟೆ. ನಮ್ಮ ದೇಶದ ನಿಯಮದಂತೆ ಗಂಡಸರು ಎರಡು ರಕ್ತದಾನಗಳ ನಡುವೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಡಬೇಕು. ವಯಸ್ಸು 18ರಿಂದ 65ರ ಒಳಗಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು. ತಾರೀಖು ಬರೆದಿಡದ ಪಟ್ಟಿಯಿಂದ ಪ್ರಯೋಜನವಿಲ್ಲ, ಏಕೆಂದರೆ ಉತ್ಸಾಹದಿಂದ ಕೈ ಎತ್ತಿದವರು ರಕ್ತಭಂಡಾರದ ಬಾಗಿಲಿನಿಂದ ಹಿಂತಿರುಗಿ ಬರುತ್ತಾರೆ. ನಮ್ಮಲ್ಲಿ ಅರುವತ್ತೈದು ದಾಟಿದ ಹಿರಿಯರು ಅನೇಕರಿದ್ದರು. ಅವರ ಮನೆಯ ಮಕ್ಕಳು, ಸೊಸೆಯಂದಿರ ಹೆಸರನ್ನೂ ಅವರನ್ನು ಕೇಳಿಯೇ ಪಟ್ಟಿಗೆ ಸೇರಿಸಿದೆ. ಸದಸ್ಯರೊಬ್ಬರ ಶಸ್ತ್ರಚಿಕಿತ್ಸೆಯ ಸುದ್ದಿ ಬಂದ ಬುಧವಾರವೇ ಪಟ್ಟಿ ತೆರೆದು ಯಾರು ಹೋಗಬೇಕೆಂದು ಗೊತ್ತುಮಾಡಲು ಸಾಧ್ಯವಾದದ್ದು ಇದರಿಂದ.

ಯಾವುದು ಸುದ್ದಿ, ಯಾವುದು ಜಾಹೀರಾತು ಎಂಬ ತಕರಾರು ಪ್ರತಿ ಕ್ಲಬ್ಬಿನಲ್ಲೂ ಇದೆ. ಸದಸ್ಯರು ಹೊಸ ಅಂಗಡಿ ತೆರೆದರೆ ಅದು ಒಮ್ಮೆ ಸುದ್ದಿ. ದೀಪಾವಳಿಯ ರಿಯಾಯಿತಿ ಸುದ್ದಿಯಲ್ಲ. ಗುಳೇದಗುಡ್ಡದ ಖಣ ಮಾರುವ ನಮ್ಮ ಸದಸ್ಯರೊಬ್ಬರಿಗೆ ಇದು ಸ್ವಲ್ಪ ಕಹಿಯೆನಿಸಿತು, ಆದರೆ ಮರುವಾರ ಅವರನ್ನೇ ಖಣದ ನೇಯ್ಗೆಯ ಬಗ್ಗೆ ಹದಿನೈದು ನಿಮಿಷ ಮಾತನಾಡಲು ಕರೆದಾಗ, ದರದ ಮಾತನ್ನೇ ಎತ್ತದೆ ಇಡೀ ಸಭೆಯನ್ನು ಹಿಡಿದಿಟ್ಟರು. ಚುನಾವಣೆಯಲ್ಲಿ ಗೆದ್ದ ಸದಸ್ಯರನ್ನು ಹೆಸರು ಹೇಳಿ ಅಭಿನಂದಿಸುತ್ತೇವೆ, ಪಕ್ಷದ ಹೆಸರು ಹೇಳುವುದಿಲ್ಲ. ಅಭ್ಯರ್ಥಿಯಾಗಿರುವ ತನಕ ಏನನ್ನೂ ಹೇಳುವುದಿಲ್ಲ. ಸಂದೇಹ ಬಂದಾಗ 1932ರಲ್ಲಿ ಹರ್ಬರ್ಟ್ ಟೇಲರ್ ರೂಪಿಸಿದ ನಾಲ್ಕು ಪ್ರಶ್ನೆಗಳನ್ನು ಹಚ್ಚಿ ನೋಡುತ್ತಿದ್ದೆ: ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಸದ್ಭಾವನೆಯನ್ನೂ ಸ್ನೇಹವನ್ನೂ ಬೆಳೆಸುವುದೇ, ಎಲ್ಲರಿಗೂ ಹಿತವೇ? ಸಭೆಯ ಆರಂಭದಲ್ಲಿ ಒಟ್ಟಾಗಿ ಹೇಳಿ ಮರೆತುಬಿಡುವ ಆ ಸಾಲುಗಳು ಸುದ್ದಿ ಆರಿಸುವವರಿಗೆ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಇಬ್ಬರು ಸದಸ್ಯರ ನಡುವಿನ ಜಾಗದ ವ್ಯಾಜ್ಯದಲ್ಲಿ ಒಬ್ಬರ ಪರವಾಗಿ ತೀರ್ಪು ಬಂದಾಗ ಮೊದಲನೆಯ ಪ್ರಶ್ನೆಗೆ ಹೌದು ಎಂಬ ಉತ್ತರವಿತ್ತು, ಮೂರನೆಯದಕ್ಕೆ ಇರಲಿಲ್ಲ. ಆ ಸುದ್ದಿ ನನ್ನ ಹಾಳೆಯಲ್ಲಿ ಬರಲಿಲ್ಲ.

ಹಾಳೆ ಎಂದರೆ ಎರಡೂ ಬದಿಗೆ ಅಚ್ಚಾದ ಒಂದೇ ಹಾಳೆ. ಮುಂದಿನ ಬದಿಯಲ್ಲಿ ಕಳೆದ ವಾರದ ಅತಿಥಿಯ ಮಾತಿನ ಸಾರ ಮತ್ತು ಸೇವಾಕಾರ್ಯದ ವಿವರ. ಪಲ್ಸ್ ಪೋಲಿಯೊ ಭಾನುವಾರವಿದ್ದರೆ ಯಾರು ಯಾವ ಬೂತಿನಲ್ಲಿ ಎಂಬ ಪಟ್ಟಿ. ಹಿಂದಿನ ಬದಿ ಪೂರ್ತಿ ಸದಸ್ಯರ ಸುದ್ದಿಗೆ. ಎಲ್ಲರೂ ಮೊದಲು ಹಿಂದಿನ ಬದಿಯನ್ನೇ ತಿರುಗಿಸುತ್ತಿದ್ದರು, ಜಿಲ್ಲೆಯ ಪದಾಧಿಕಾರಿಗಳು ಬಂದಾಗಲೂ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಸದಸ್ಯರೂ ಕಬ್ಬಿನ ಗದ್ದೆ ಇರುವವರೂ ತಿಂಗಳುಗಟ್ಟಲೆ ಸಭೆಗೆ ಬರಲಾರರು. ಅವರಿಗೆ ಹಾಳೆಯನ್ನು ಮನೆಗೆ ಕಳಿಸಿದೆವು, ಮತ್ತು ಅವರ ಸುದ್ದಿಯನ್ನು ಬಂದವರ ಸುದ್ದಿಗಿಂತ ಮೇಲೆ ಹಾಕಿದೆವು. ಹಂಗಾಮು ಮುಗಿದ ಮೇಲೆ ಅವರು ಹೊರಗಿನವರ ಹಾಗೆ ಬಂದು ಕುಳಿತುಕೊಳ್ಳುವುದು ತಪ್ಪಿದ್ದು ಬಹುಶಃ ಇದರಿಂದಲೇ.

2016ರ ನಿಯಮ ಬದಲಾವಣೆಯ ನಂತರ ರೋಟರಿ ಕ್ಲಬ್ಬುಗಳು ತಿಂಗಳಿಗೆ ಎರಡು ಸಭೆ ನಡೆಸಿದರೂ ಸಾಕು. ನಮ್ಮಲ್ಲಿಯೂ ಆ ಚರ್ಚೆ ಬಂದಿತು. ಖರ್ಚು ಉಳಿಯುತ್ತದೆ, ಅತಿಥಿಗಳನ್ನು ಹುಡುಕುವ ಕಷ್ಟ ಅರ್ಧಕ್ಕಿಳಿಯುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಆಸ್ಪತ್ರೆಗೆ ಹೋದವರು ಹದಿನೈದು ದಿನದಲ್ಲಿ ಮನೆಗೆ ಬಂದುಬಿಟ್ಟಿರುತ್ತಾರೆ. ಆಗ ನಾವು ಹೇಳುವ ಸುದ್ದಿಯಿಂದ ಯಾರಿಗೂ ಯಾವ ನೆರವೂ ಆಗುವುದಿಲ್ಲ. ಅತಿಥಿ ಸಿಗದ ವಾರ ಅತಿಥಿಯಿಲ್ಲದೆಯೇ ಸೇರೋಣ ಎಂದು ನಾನು ಸೂಚಿಸಿದೆ, ಸಭೆ ವಾರಕ್ಕೊಮ್ಮೆಯೇ ಉಳಿಯಿತು.

ಜುಲೈ ಒಂದರಂದು ಹೊಸ ಪದಾಧಿಕಾರಿಗಳು ಬಂದಾಗ, ಉಪನ್ಯಾಸಕಿಯಾಗಿರುವ ಹೊಸ ಕಾರ್ಯದರ್ಶಿಯವರಿಗೆ ಖಾನಾವಳಿಯ ಲೆಕ್ಕ, ಡಬ್ಬಿಯ ಕೀಲಿ ಮತ್ತು ರಕ್ತದ ಗುಂಪಿನ ಪುಟಗಳನ್ನು ಒಪ್ಪಿಸಿದೆ. ಸದಸ್ಯರ ಪುಟಗಳನ್ನು ಮಾತ್ರ ಒಪ್ಪಿಸಲಿಲ್ಲ. ಅವರು ನನ್ನನ್ನು ನಂಬಿ ಹೇಳಿದ ಮಾತುಗಳಲ್ಲಿ ಸಭೆಗೆ ಬಾರದವೂ ಬಹಳ ಇದ್ದವು. ಪ್ರತಿಯೊಬ್ಬರ ಹೆಸರಿನ ಮುಂದೆ, ಅವರ ಅನುಮತಿ ಪಡೆದು, ಬರುವ ತಿಂಗಳಲ್ಲಿ ಕೇಳಬೇಕಾದ ಒಂದೊಂದು ಪ್ರಶ್ನೆಯನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಅಚ್ಚಿನ ಹಾಳೆಯನ್ನು ನಿಲ್ಲಿಸಿ ವಾಟ್ಸಾಪಿನಲ್ಲಿ ಮಾತ್ರ ಕಳಿಸುವ ಪ್ರಸ್ತಾವ ಈಗ ಮಂಡಳಿಯ ಮುಂದಿದೆ. ಹಿರಿಯರ ಮನೆಗಳಲ್ಲಿ ಆ ಹಾಳೆಯನ್ನು ಓದುವವರು ಸದಸ್ಯರಿಗಿಂತ ಹೆಚ್ಚಾಗಿ ಅವರ ಮನೆಯ ಹೆಣ್ಣುಮಕ್ಕಳು, ಅವರು ನಮ್ಮ ಗುಂಪಿನಲ್ಲಿ ಇಲ್ಲ. ಆದ್ದರಿಂದ ನಾನು ಅದನ್ನು ವಿರೋಧಿಸಿ ಬರೆದುಕೊಟ್ಟಿದ್ದೇನೆ.