ಸುಣ್ಣಕಲ್ಲಿನ ಗುಡ್ಡದಲ್ಲಿ ಗಿಡಗಳ ಲೆಕ್ಕ ಹಿಡಿಯೋದು ಹೇಗೆ?

ಮಲೇಷ್ಯಾಕ್ಕೆ ಹೋದವರು ಬಟು ಕೇವ್ಸ್‌ಗೆ ಹೋಗದೆ ಬರೋದು ಕಡಿಮೆ. 272 ಮೆಟ್ಟಿಲು ಹತ್ತುತ್ತಾರೆ, ಮುರುಗನಿಗೆ ಕೈಮುಗಿದು ಇಳಿಯುತ್ತಾರೆ. ಪಕ್ಕದ ಬಂಡೆ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಆ ಪುಟ್ಟ ಸುಣ್ಣಕಲ್ಲಿನ ಗುಡ್ಡದಲ್ಲಿ, ಪಾಚಿ ಬಿಟ್ಟು, 366 ಜಾತಿಯ ಗಿಡಗಳಿವೆ. ಐದು ಜಾತಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ! ಸಸ್ಯವಿಜ್ಞಾನಿ ರೂತ್ ಕಿಯು 2021ರಲ್ಲಿ ಈ ಲೆಕ್ಕ ಪ್ರಕಟಿಸಿದರು. ಅವರ ದಾರಿ ಬೇರೆ ಗುಡ್ಡಗಳಿಗೂ ಹೊಂದುತ್ತದೆ.

ಮೊದಲು ಅರಣ್ಯ ಇಲಾಖೆ, ದೇವಸ್ಥಾನದವರು, ಎಲ್ಲರ ಒಪ್ಪಿಗೆ ಪಡೆಯಿರಿ.

ಆಮೇಲೆ ಗುಡ್ಡವನ್ನು ಮೂಲೆ ಮೂಲೆಯಾಗಿ ಬಿಡಿಸಿಕೊಳ್ಳಿ. ಹಗ್ಗ ಕಟ್ಟಿ ಚೌಕ ಹಾಕಿ ಎಣಿಸಿದರೆ ಇಲ್ಲಿ ಸಾಲದು, ಯಾಕಂದ್ರೆ ಮಳೆನೀರು ಕಲ್ಲನ್ನು ಕರಗಿಸಿ ಕರಗಿಸಿ ಬಿರುಕು, ಗವಿ, ಕಡಿದಾದ ಗೋಡೆ ಎಲ್ಲ ಮಾಡಿಟ್ಟಿರುತ್ತದೆ, ಹತ್ತು ಹೆಜ್ಜೆ ಹೋದರೆ ನೆರಳು ಬೇರೆ, ತೇವ ಬೇರೆ. ಬಟು ಕೇವ್ಸ್‌ನಲ್ಲಿ ಇಂಥ 16 ಬಗೆಯ ಜಾಗ ಸಿಕ್ಕಿವೆ. ಒಂದನ್ನೂ ಬಿಡಬೇಡಿ. ಕೈಗೆಟುಕದ ಗೋಡೆಗೆ ಬೈನಾಕ್ಯುಲರ್ ಹಿಡಿಯಿರಿ. ಮಳೆಗಾಲದಲ್ಲಿ ಇನ್ನೊಮ್ಮೆ ಬನ್ನಿ.

ಗವಿಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಮಲೇಷ್ಯಾದ ಸುಣ್ಣಕಲ್ಲಿನ ಗವಿಗಳ ಬಾಯಲ್ಲಿ ಮೊನೊಫಿಲಿಯಾ ಅನ್ನೋ ಗಿಡ ಬೆಳೆಯುತ್ತದೆ. ಮೊಳಕೆಯೊಡೆದಾಗ ಎರಡು ಎಲೆ ಇರುತ್ತವೆ, ಅಲ್ವಾ? ಇದರಲ್ಲಿ ಒಂದು ಸಣ್ಣದಾಗೇ ಉಳಿಯುತ್ತದೆ, ಇನ್ನೊಂದು ಬೆಳೆಯುತ್ತಲೇ ಹೋಗುತ್ತದೆ. ಜೀವನಪೂರ್ತಿ ಅದೊಂದೇ ಎಲೆ, ಹೂ ಬಿಡೋದೂ ಅದರ ಬುಡದಲ್ಲೇ. ಸುಮ್ನೆ ನೋಡೋಣ ಅಂತ ಆ ಎಲೆ ಕಿತ್ತರೆ ಗಿಡವೇ ಹೋಯಿತು. ಇಂಥದ್ದಕ್ಕೆ ಫೋಟೊ ಸಾಕು. ಧಾರಾಳವಾಗಿ ಇರುವ ಗಿಡದಿಂದ ಮಾತ್ರ ಹೂವಿರುವ ಒಂದು ಟೊಂಗೆ ತೆಗೆದು, ಹಳೆ ಪೇಪರ್ ನಡುವೆ ಒತ್ತಿಡಿ. ಜಾಗ, ತಾರೀಕು ಅಲ್ಲೇ ಬರೆಯಿರಿ.

ಈಗ ಒಂದೊಂದು ಜಾತಿಯ ಗಿಡಕ್ಕೂ ಅಂಕ ಕೊಡುವ ಕೆಲಸ. ಸುಣ್ಣಕಲ್ಲಿನ ಮೇಲೆ ಮಾತ್ರ ಬೆಳೆಯುತ್ತದಾ? ಈ ಗುಡ್ಡದಲ್ಲಿ ಮಾತ್ರವಾ? ಅಳಿವಿನ ಅಂಚಿನಲ್ಲಿದೆಯಾ? ಹೌದಾದರೆ ಹೆಚ್ಚು ಅಂಕ, ರಸ್ತೆಬದಿಯ ಕಳೆಗೆ ಕಡಿಮೆ. ಒಂದೊಂದು ಮೂಲೆಯ ಅಂಕ ಹೋಲಿಸಿ ನೋಡಿದರೆ ಯಾವುದನ್ನು ಮುಟ್ಟಲೇಬಾರದು ಅಂತ ಗೊತ್ತಾಗುತ್ತದೆ. ಗುಡ್ಡ ಗುಡ್ಡಗಳನ್ನೂ ಹೀಗೇ ಹೋಲಿಸಬಹುದು. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ನಮ್ಮ ಮನೆಗೆ ಹಾಸಿದ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ಸಿಮೆಂಟಿಗೂ ಇದೇ ಬೇಕು, ಹಾಗಾಗಿ ಗಣಿಯವರು ಬಂದಾಗ ಬರೀ "ಗುಡ್ಡ ಉಳಿಸಿ" ಅಂದರೆ ಸಾಲದು, ಯಾವ ಗುಡ್ಡ, ಯಾಕೆ ಅಂತ ಪಟ್ಟಿ ತೋರಿಸಬೇಕು.

ಬಟು ಕೇವ್ಸ್‌ನಲ್ಲಿ ಹೆಚ್ಚು ಅಪಾಯದಲ್ಲಿರೋದು ಗುಡ್ಡದ ಸುತ್ತಲಿನ ಅಂಚು, ಮಣ್ಣಿನ ಇಳಿಜಾರಿನ ಕೆಳಭಾಗ ಮತ್ತು ಗವಿಬಾಯಿ. ಅಂದರೆ ಜನ ಓಡಾಡುವ ಜಾಗಗಳೇ. ಬುಡದಲ್ಲಿ ಕಸ ಸುಡದಂತೆ ನೋಡಿಕೊಳ್ಳಿ, ಬೆಂಕಿ ಮೇಲಕ್ಕೆ ಹಬ್ಬುತ್ತದೆ. ಅಪರೂಪದ ಆರ್ಕಿಡ್ ಸಿಕ್ಕರೆ ಫೋಟೊ ಹಾಕಿ, ಲೊಕೇಶನ್ ಮಾತ್ರ ಹಾಕಬೇಡಿ. ಕಿತ್ತು ಮಾರುವವರೂ ನೋಡುತ್ತಿರುತ್ತಾರೆ.